ಗೇಮ್‌ಗೆ ದುಡ್ಡು ಕಟ್ಟೋ ಹುಚ್ಚ ನಾನೇ

ಮೊನ್ನೆ ಗೃಹಪ್ರವೇಶದ ಊಟದಲ್ಲಿ ಭಾವ ಎಲ್ಲರೆದುರು ಕೇಳಿದರು. "ಏನೋ, ಮೊಬೈಲ್ ಗೇಮ್‌ಗೂ ತಿಂಗಳಾ ತಿಂಗಳಾ ದುಡ್ಡು ಕಟ್ತೀಯಂತೆ?" ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಪಕ್ಕದಲ್ಲೇ ಅವರ ಮಗ ಫ್ರೀ ಗೇಮ್ ಆಡುತ್ತಿದ್ದ. ಆಡುತ್ತಿದ್ದ ಅನ್ನೋದಕ್ಕಿಂತ ಜಾಹೀರಾತು ನೋಡುತ್ತಿದ್ದ ಅನ್ನಿ. ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಇಂಟು ಮಾರ್ಕ್. ಒತ್ತಿದರೆ ಜಾಹೀರಾತು ಮುಚ್ಚೋದಿಲ್ಲ, ಪ್ಲೇ ಸ್ಟೋರ್ ತೆರೆಯುತ್ತೆ! ಪಾಪ, ಹುಡುಗ ಗೊಣಗಿಕೊಂಡು ವಾಪಸ್ ಬಂದರೆ ಇನ್ನೊಂದು ಜಾಹೀರಾತು. ಅದು ಪುಕ್ಕಟೆಯಂತೆ. ನಾನು ದುಂದುಗಾರನಂತೆ.

ನನ್ನ ಬಗ್ಗೆ ನಿಮಗೆ ಗೊತ್ತೇ ಇದೆ, ತರಕಾರಿ ತಗೊಂಡರೆ ಕೊತ್ತಂಬರಿ ಕೊಸರು ಹಾಕಿಸಿಕೊಳ್ಳದೆ ಕದಲೋನಲ್ಲ. ತಿಂಗಳ ಚಂದಾ ಕಟ್ಟಿದರೆ ಬೇಕಾದಷ್ಟು ಗೇಮ್ ಆಡೋಕೆ ಬಿಡೋ ಯೋಜನೆಗೆ ಲೆಕ್ಕ ಹಾಕಿಯೇ ಸೇರಿದ್ದು. ಐಫೋನಿನವರ ಆಪಲ್ ಆರ್ಕೇಡ್ 2019ರ ಸೆಪ್ಟೆಂಬರ್‌ನಲ್ಲಿ ಶುರುವಾದಾಗ ನಮ್ಮಲ್ಲಿ ತಿಂಗಳಿಗೆ 99 ರೂಪಾಯಿ. ಆಂಡ್ರಾಯ್ಡ್‌ನವರ ಗೂಗಲ್ ಪ್ಲೇ ಪಾಸ್ 2022ರಲ್ಲಿ ಭಾರತಕ್ಕೆ ಬಂದಾಗ ಅದಕ್ಕೂ ಅಷ್ಟೇ ರೇಟು. ಮನೆಯ ಇನ್ನೂ ಐದು ಜನ ಅದರಲ್ಲೇ ಆಡಬಹುದು. ಆರ್ಕೇಡ್‌ನಲ್ಲಂತೂ ಜಾಹೀರಾತಿಲ್ಲ, ಒಳಗೆ ಕಾಯಿನ್ ಮಾರೋ ಅಂಗಡಿಯೂ ಇಲ್ಲ.

ಅಂಗಡಿ ಇಲ್ಲದಿದ್ದರೆ ಆಟದ ಬುದ್ಧಿಯೇ ಬೇರೆ. ಆರ್ಕೇಡ್‌ನ ಮಿನಿ ಮೋಟರ್‌ವೇಸ್ ಗೇಮ್ ನೋಡಿ. ಕೆಂಪು ಮನೆಯಿಂದ ಕೆಂಪು ಕಟ್ಟಡಕ್ಕೆ ಬೆರಳಲ್ಲೇ ರಸ್ತೆ ಎಳೆಯಬೇಕು, ವಾರ ಕಳೆದರೆ ಒಂದಿಷ್ಟು ರಸ್ತೆ ಕೊಟ್ಟು ಸೇತುವೆ ಬೇಕೋ ಹೆದ್ದಾರಿ ಬೇಕೋ ಆರಿಸಿಕೋ ಅನ್ನುತ್ತೆ. ಆ ಆಟದೊಳಗಿನ ದಾರ್ ಎಸ್ ಸಲಾಮ್ ಊರಲ್ಲಿ ನನ್ನ ಕಾರುಗಳೆಲ್ಲ ಒಂದೇ ಕ್ರಾಸ್‌ನಲ್ಲಿ ಸಿಕ್ಕಿಹಾಕಿಕೊಂಡು ಆಟ ಮುಗಿಯಿತು. ಮುಗಿದರೆ ಮತ್ತೆ ಮೊದಲಿಂದ, ಅಷ್ಟೇ. ವಿಡಿಯೋ ನೋಡು ಸೇತುವೆ ಕೊಡ್ತೀನಿ ಅನ್ನೋ ಭಿಕ್ಷೆ ಇಲ್ಲ. ಗ್ರೈಂಡ್‌ಸ್ಟೋನ್ ಅನ್ನೋ ಇನ್ನೊಂದು ಗೇಮ್‌ನಲ್ಲಿ ಒಂದೇ ಬಣ್ಣದ ರಾಕ್ಷಸರನ್ನು ಸಾಲಾಗಿ ಕಡಿಯುತ್ತಾ ಹೋಗಬೇಕು. ಬಾಗಿಲು ತೆರೆದ ಮೇಲೂ ಇನ್ನೊಂದು ಪೆಟ್ಟಿಗೆ ಸಿಗಲಿ ಅಂತ ನಿಂತು ಸತ್ತರೆ ಅದು ನನ್ನ ದುರಾಸೆ. ಫ್ರೀ ಗೇಮ್ ನಮ್ಮನ್ನು ಬೇಕಂತಲೇ ಸಾಯಿಸಿ, ಜೀವ ಬೇಕಾದರೆ ಅರ್ಧ ಗಂಟೆ ಕಾಯಿ ಇಲ್ಲಾ ದುಡ್ಡು ಬಿಚ್ಚು ಅನ್ನುತ್ತಲ್ಲ, ಅದಕ್ಕಿಂತ ಸಾವಿರ ಪಾಲು ವಾಸಿ.

"ದುಡ್ಡು ನಿಲ್ಲಿಸಿದರೆ ಗೇಮೂ ಹೋಗುತ್ತಲ್ಲ?" ಹೋಗುತ್ತೆ. ದುಡ್ಡು ಕಟ್ಟುತ್ತಿದ್ದರೂ ಕೆಲವನ್ನು ಅವರೇ ತೆಗೆದುಬಿಡುತ್ತಾರೆ. ಹೋಗಲಿ ಬಿಡಿ, ಕೇಬಲ್ ದುಡ್ಡು ಕಟ್ಟಿ ನೋಡಿದ ಧಾರಾವಾಹಿಗಳನ್ನು ನೀವೇನು ಬೀರುವಿನಲ್ಲಿ ಇಟ್ಟಿದ್ದೀರಾ? 2021ರಿಂದ ಆರ್ಕೇಡ್‌ನವರು ಹೆಸರಿನ ಕೊನೆಗೆ ಪ್ಲಸ್ ಅಂಟಿಸಿ ಹಳೆ ಗೇಮ್‌ಗಳನ್ನೂ ತುಂಬುತ್ತಿದ್ದಾರೆ ಅನ್ನೋದು ಇನ್ನೊಂದು ತಕರಾರು. ಫ್ರೂಟ್ ನಿಂಜಾದಲ್ಲಿ ಕಲ್ಲಂಗಡಿ ಕತ್ತರಿಸೋಕೆ ಹಳೆಯದಾದರೇನು, ಹೊಸದಾದರೇನು!

ನಿಜ ಹೇಳಲಾ? ರಾತ್ರಿ ಅಮ್ಮನಿಗೆ ಮಾತ್ರೆ ಕೊಟ್ಟು ಮಲಗಿಸಿದ ಮೇಲೆ ನನಗೆ ಅಂತ ಉಳಿಯೋದು ಅರ್ಧ ಗಂಟೆ. ಸುಮ್ನೆ ಹೊಸದೊಂದು ಗೇಮ್ ಇಳಿಸಿ ನೋಡ್ತೀನಿ, ಹಿಡಿಸದಿದ್ದರೆ ಡಿಲೀಟ್. ಅಷ್ಟರಲ್ಲೂ ಶಾಂಪೂ ಮಾರೋರಿಗೆ ಪಾಲು ಕೊಡಬೇಕಾ?

ಹೊಸದೇನಾದರೂ ಒಳ್ಳೇದು ಆಡಿದ್ದರೆ ಕಾಮೆಂಟ್‌ನಲ್ಲಿ ಹೆಸರು ಹಾಕಿ. ರಮ್ಮಿ ಲಿಂಕ್ ಹಾಕಿದವರನ್ನು ನೆಂಟರಾದರೂ ಬ್ಲಾಕ್ ಮಾಡ್ತೀನಿ.