ಬ್ಯಾಕಪ್ ಬೇರೆ ಕಡೆ ಇರಲಿ
ಸಣ್ಣ ಅಂಗಡಿಗೆ ಕಂಪ್ಯೂಟರ್ ಸಲಹೆಗಾರ ಯಾಕೆ ಬೇಕು ಅಂತ ಲೇಖನದಲ್ಲಿ ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಇದೇ ಕೆಲಸ ಮಾಡುತ್ತೇನೆ. ಅಡಿಕೆ ಮಂಡಿ, ಔಷಧಿ ಅಂಗಡಿ, ಹೋಂಸ್ಟೇ ಹೀಗೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಎಷ್ಟೋ ಜನರ ಲೆಕ್ಕ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ಬಂತು. ಆದರೆ ಬ್ಯಾಕಪ್, ಅಂದರೆ ಲೆಕ್ಕದ ಇನ್ನೊಂದು ಕಾಪಿ, ಇರುವುದು ಅದೇ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ. ಅದು ಸಾಮಾನ್ಯವಾಗಿ ಅದೇ ಡಿಸ್ಕಿನ ಇನ್ನೊಂದು ಭಾಗ. ಡಿಸ್ಕ್ ಹೋದರೆ ಲೆಕ್ಕ, ಬ್ಯಾಕಪ್ ಎರಡೂ ಹೋದಂತೆ ಅಲ್ವಾ?

ಕಳೆದ ಮೇ ತಿಂಗಳ ಗುಡುಗು ಮಳೆಯಲ್ಲಿ ತೀರ್ಥಹಳ್ಳಿ ಕಡೆಯ ಅಂಗಡಿಯೊಂದರ ಮೋಡೆಮ್, ಕಂಪ್ಯೂಟರ್ ಎರಡೂ ಸುಟ್ಟವು. ಕರೆಂಟ್ ಪ್ಲಗ್ ತೆಗೆದಿದ್ದರು, ಮೋಡೆಮ್‌ಗೆ ಬರುವ ಫೋನ್ ತಂತಿ ಹಾಗೇ ಇತ್ತು. ಸಿಡಿಲು ಅದರಲ್ಲೂ ಬರುತ್ತದೆ. ಬಿಲ್ ಪುಸ್ತಕ ನೋಡಿಕೊಂಡು ಮತ್ತೆ ಲೆಕ್ಕ ಹೊಡೆಯುತ್ತಿದ್ದ ಯಜಮಾನರನ್ನು ನೋಡಿ ನನಗೂ ಸಂಕಟವಾಯಿತು. ದಯವಿಟ್ಟು ವಾರಕ್ಕೊಮ್ಮೆ ಬೇರೆ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ ಮನೆಗೆ ಒಯ್ಯಿರಿ. ಸುಮ್ನೆ ಇಡಬೇಡಿ, ತೆರೆಯುತ್ತದಾ ಅಂತಲೂ ಆಗಾಗ ನೋಡಿ.