ಕೇಳೋದ್ಯಾಕೆ, ಆಮೇಲೆ ರೀಲ್ ನೋಡಿ ಹೋಗೋದ್ಯಾಕೆ?

ನಿನ್ನೆ ರಾತ್ರಿ ನಮ್ಮ ಮನೆಯ ಊಟದ ಟೇಬಲ್ಲಿನಲ್ಲಿ ಒಂದು ತೀರ್ಪು ಹೊರಬಿತ್ತು. "ಚಿಕ್ಕಮ್ಮ, ಈ ಆಸ್ಟಿನ್ ಬಾರ್ಬೆಕ್ಯೂ ಎಲ್ಲಾ ಸುಮ್ನೆ ಬಿಲ್ಡಪ್ಪು."

ಹೇಳಿದವನು ಅಕ್ಕನ ಮಗ. ಬೆಂಗಳೂರಿನಿಂದ ಆಫೀಸ್ ಕೆಲಸಕ್ಕೆ ಬಂದಿದ್ದಾನೆ, ಜೊತೆಗೆ ಇಬ್ಬರು ಸ್ನೇಹಿತರು. ನಾನು ಮಾಡಿದ ಬಸ್ಸಾರು ಮುದ್ದೆ ನುಂಗುತ್ತಾ ಮೂವರೂ ತಲೆಯಾಡಿಸಿದರು. ಹತ್ತೊಂಬತ್ತು ವರ್ಷದಿಂದ ಅಮೆರಿಕದ ಟೆಕ್ಸಸ್ ರಾಜ್ಯದ ಈ ಆಸ್ಟಿನ್‌ನಲ್ಲಿದ್ದೇನೆ. ಇಲ್ಲಿ ಬಾರ್ಬೆಕ್ಯೂ ಅಂದರೆ ಗಂಟೆಗಟ್ಟಲೆ ಹೊಗೆಯಲ್ಲಿ ಬೇಯಿಸಿದ ಮಾಂಸ. ಮುದ್ದೆ ವಾಪಸ್ ಕಿತ್ತುಕೊಳ್ಳೋಣ ಅನ್ನಿಸಿತು. ಸಂಸ್ಕಾರ ಅಡ್ಡ ಬಂತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೂರು ವಾರದ ಹಿಂದೆ ಅವನೇ ಮೆಸೇಜ್ ಮಾಡಿದ್ದ, "ಒಳ್ಳೆ ಬಾರ್ಬೆಕ್ಯೂ ಎಲ್ಲಿ, ಟೆಕ್ಸ್‌ಮೆಕ್ಸ್ ಎಲ್ಲಿ" ಅಂತ. (ಟೆಕ್ಸ್‌ಮೆಕ್ಸ್ ಅಂದರೆ ಟೆಕ್ಸಸ್ ಕಡೆಯ ಮೆಕ್ಸಿಕನ್ ಅಡುಗೆ.) ನನ್ನನ್ನು ಯಾರಾದರೂ ಊಟದ ಬಗ್ಗೆ ಕೇಳಿದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಒಂದು ಗಂಟೆ ಕೂತು ಟೈಪ್ ಮಾಡಿದೆ. ಯಾವ ಅಂಗಡಿ, ಎಷ್ಟು ಹೊತ್ತಿಗೆ, ಯಾವ ತುಂಡು ಕೇಳಬೇಕು, ಎಲ್ಲಾ. ಶನಿವಾರ ಬೆಳಿಗ್ಗೆ ಐದೂವರೆಗೆ ನಾನೇ ಕಾರ್ ತೆಗೆಯುತ್ತೇನೆ ಅಂತಲೂ ಹೇಳಿದೆ. ಒಂದು ಥಂಬ್ಸ್ ಅಪ್ ಬಂತು.

ಶನಿವಾರ ಮೂವರೂ ಎದ್ದದ್ದು ಹತ್ತು ಗಂಟೆಗೆ. ಆಮೇಲೆ ಫೋನಿನಲ್ಲಿ ಯಾವುದೋ ರೀಲ್ ಸಿಕ್ಕಿದೆ. ಊರ ಮಧ್ಯೆ, ಬಾರುಗಳ ಸಾಲಿನಲ್ಲಿ, ಗೋಡೆ ಮೇಲೆ ನಿಯಾನ್ ದೀಪದ ಹಸು ಇರುವ ಜಾಗ. ಸಂಜೆ ಆರಕ್ಕೆ ಹೋಗಿ, ಒಣಗಿದ ಬ್ರಿಸ್ಕೆಟ್ ಮಾಂಸಕ್ಕೆ ಅರ್ಧ ಬಾಟಲಿ ಸಿಹಿ ಸಾಸ್ ಸುರಿದುಕೊಂಡು ತಿಂದಿದ್ದಾರೆ. ಟೆಕ್ಸ್‌ಮೆಕ್ಸ್ ಹಿಂದಿನ ದಿನವೇ ಮುಗಿದಿತ್ತು. ಯಾವುದೋ ಚೈನ್ ಅಂಗಡಿಯಲ್ಲಿ ಅನ್ನ, ಬೀನ್ಸ್ ತುಂಬಿದ ಬುರಿಟೋ ಬೌಲ್. "ರಾಜ್ಮಾ ಅನ್ನ ಇದ್ದ ಹಾಗಿತ್ತು ಆಂಟಿ" ಅಂದಿತು ಇನ್ನೊಂದು ಹುಡುಗ. ಹೌದಪ್ಪಾ, ರಾಜ್ಮಾ ಅನ್ನವನ್ನೇ ತಿಂದರೆ ರಾಜ್ಮಾ ಅನ್ನದ ಹಾಗೇ ಇರುತ್ತೆ.

ಸರಿ, ಸಂಜೆ ಆರಕ್ಕೆ ಹೋದರೆ ಏನು ತಪ್ಪು? ಬಾಡೂಟಕ್ಕೆ ಮಧ್ಯಾಹ್ನ ನಾಲ್ಕಕ್ಕೆ ಹೋಗಿ "ತುಂಡೇ ಇಲ್ವಲ್ರೀ" ಅಂತ ಗೊಣಗುವವರನ್ನು ನಾವು ಮಂಡ್ಯ ಕಡೆಯವರು ಏನಂತೀವಿ? ಅದೇ ಇಲ್ಲೂ. ಬ್ರಿಸ್ಕೆಟ್ ಅಂದರೆ ದನದ ಎದೆಯ ಭಾಗ. ಮೈಯ ಭಾರ ಹೊತ್ತು ಹೊತ್ತು ಗಟ್ಟಿಯಾದ ಮಾಂಸ. ಉಪ್ಪು, ಕರಿಮೆಣಸು ಬಿಟ್ಟರೆ ಮಸಾಲೆ ಹೆಚ್ಚಿಲ್ಲ. ಪೋಸ್ಟ್ ಓಕ್ ಅನ್ನೋ ಮರದ ಸೌದೆ ಹಾಕಿ, ಸಣ್ಣ ಉರಿಯಲ್ಲಿ, ಹೊಗೆಯಲ್ಲಿ ಹನ್ನೆರಡು ಹದಿನಾಲ್ಕು ಗಂಟೆ ಇಡುತ್ತಾರೆ. ನಡುವೆ ಒಂದು ಹಂತದಲ್ಲಿ ಮಾಂಸ ಬೆವರೋದಕ್ಕೆ ಶುರುಮಾಡುತ್ತದೆ. ಆಗ ಅದರ ಬಿಸಿ ಗಂಟೆಗಟ್ಟಲೆ ಏರುವುದೇ ಇಲ್ಲ. ಅವಸರ ಮಾಡಿ ಉರಿ ಜಾಸ್ತಿ ಮಾಡಿದವನು ಕೆಟ್ಟ. ಕಾದವನಿಗೆ ಆ ನಾರೆಲ್ಲಾ ಕರಗಿ ಬೆಣ್ಣೆ ಆಗುತ್ತದೆ. ರಾತ್ರಿಯಿಡೀ ಬೆಂದದ್ದು ಬೆಳಿಗ್ಗೆ ಇಳಿಯುತ್ತದೆ, ಮಧ್ಯಾಹ್ನಕ್ಕೆ ಖಾಲಿ. ಆರ್ಡರ್ ಬಂತು ಅಂತ ಇನ್ನೊಂದು ಬೇಯಿಸೋಕೆ ಆಗಲ್ಲ. ಅದಕ್ಕೇ ಒಳ್ಳೆ ಅಂಗಡಿಗಳ ಬಾಗಿಲಲ್ಲಿ ಮಧ್ಯಾಹ್ನ ಎರಡಕ್ಕೇ "ಸೋಲ್ಡ್ ಔಟ್" ಬೋರ್ಡು ಕಾಣೋದು. ಕಟ್ ಮಾಡುವವನು "ಲೀನ್ ಬೇಕಾ, ಫ್ಯಾಟಿ ಬೇಕಾ" ಅಂತ ಕೇಳುತ್ತಾನೆ. ಫ್ಯಾಟಿ ಅನ್ನಿ. ಕೊಲೆಸ್ಟರಾಲ್ ವಿಷಯ ಊರಿಗೆ ಹೋದಮೇಲೆ ನೋಡಿಕೊಳ್ಳಿ. ಪೌಂಡಿಗೆ ಮೂವತ್ತು ಡಾಲರ್ ದಾಟಿದೆ, ಆದರೆ ಒಬ್ಬರಿಗೆ ಅರ್ಧ ಪೌಂಡ್ ಧಾರಾಳವಾಯಿತು. ಇಷ್ಟನ್ನೂ ಮೆಸೇಜಿನಲ್ಲಿ ಬರೆದಿದ್ದೆ. ಓದಬೇಕಲ್ಲಾ!

ಐದೂವರೆಗೆ ನಾನು ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದು ಲೆಕ್ಸಿಂಗ್ಟನ್‌ಗೆ. ಇಲ್ಲಿಂದ ಒಂದು ಗಂಟೆ ದಾರಿ, ಸಾವಿರ ಚಿಲ್ಲರೆ ಜನ ಇರುವ ಊರು. ಅಲ್ಲಿನ ಸ್ನೋಸ್ ಬಾರ್ಬೆಕ್ಯೂ ವಾರಕ್ಕೆ ಒಂದೇ ದಿನ, ಶನಿವಾರ, ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುತ್ತದೆ. ಟೆಕ್ಸಸ್ ಮಂತ್ಲಿ ಪತ್ರಿಕೆ 2008ರಲ್ಲಿ ಇದನ್ನು ಇಡೀ ರಾಜ್ಯಕ್ಕೇ ಮೊದಲು ಅಂದಿತು, 2017ರಲ್ಲಿ ಮತ್ತೆ ಅಂದಿತು. ಅಲ್ಲಿ ಒಲೆ ನೋಡಿಕೊಂಡು ಹೆಸರು ಮಾಡಿದವರು ಟೂಟ್ಸಿ ಟೋಮನೆಟ್ಜ್, 1935ರಲ್ಲಿ ಹುಟ್ಟಿದವರು. ಒಲೆ ಮುಂದೆ ನಿಂತದ್ದು 1966ರಿಂದ. ವಾರವೆಲ್ಲಾ ಶಾಲೆಯಲ್ಲಿ ಕಸ ಗುಡಿಸಿ, ಶನಿವಾರ ಬೆಳಗಿನ ಜಾವ ಎರಡಕ್ಕೆ ಎದ್ದು ಬಂದು ಸಲಿಕೆಯಲ್ಲಿ ಕೆಂಡ ಎಳೆಯುತ್ತಿದ್ದ ಅಜ್ಜಿ.

ನಮ್ಮಮ್ಮ ಇಲ್ಲಿಗೆ ಬಂದಾಗ ಕರೆದುಕೊಂಡು ಹೋಗಿದ್ದೆ. ಅಮ್ಮ ಕುರಿ, ಕೋಳಿ ಬಿಟ್ಟು ಬೇರೇನೂ ಮುಟ್ಟಲ್ಲ. ಕೋಳಿ ಕೊಡಿಸಿದೆ. ಆದರೆ ತಿಂದದ್ದಕ್ಕಿಂತ ಜಾಸ್ತಿ ಹೊತ್ತು ಆ ಒಲೆಯ ಹತ್ತಿರ ನಿಂತಿದ್ದಳು. ಟೂಟ್ಸಿ ಅಜ್ಜಿ ಒಂದು ಬಕೆಟ್ಟಿನಿಂದ ಮಾಪಿನಂಥದ್ದರಲ್ಲಿ ಹುಳಿ ನೀರು ಅದ್ದಿ ಕೋಳಿ ಮೇಲೆ ಸವರುತ್ತಿದ್ದರು. ಅಮ್ಮ ನೋಡಿದಳು, ನೋಡಿದಳು. ಆಮೇಲೆ ಕೇಳಿದಳು, "ಯಾವ ಸೌದೆ ಅಂತೆ?" ಹೇಳಿದೆ. "ಹುಣಸೆ ಸೌದೆ ಆಗಿದ್ರೆ ಕೆಂಡ ಇನ್ನೂ ಚೆನ್ನಾಗಿ ನಿಲ್ತಿತ್ತು. ಹೇಳು ಅವರಿಗೆ." ನಾನು ಹೇಳಲಿಲ್ಲ. ಹೇಳಬೇಕಿತ್ತು ಅಂತ ಈಗ ಅನ್ನಿಸುತ್ತೆ. ಅಮ್ಮ ಈಗಿಲ್ಲ.

ಸರಿ ಬಿಡಿ. ಲಾಕ್‌ಹಾರ್ಟ್ ಕಥೆ ಕೇಳಿ. ಆಸ್ಟಿನ್‌ನಿಂದ ಐವತ್ತು ಕಿಲೋಮೀಟರ್. ಟೆಕ್ಸಸ್‌ನ ಶಾಸನಸಭೆಯೇ ಇದನ್ನು ರಾಜ್ಯದ ಬಾರ್ಬೆಕ್ಯೂ ರಾಜಧಾನಿ ಅಂತ ಸಾರಿದೆ. ಈ ಕಡೆ ಬಾರ್ಬೆಕ್ಯೂ ಹುಟ್ಟಿದ್ದೇ ಜರ್ಮನ್, ಚೆಕ್ ಜನರ ಮಾಂಸದಂಗಡಿಗಳಲ್ಲಿ. ಮಾರಾಟವಾಗದೆ ಉಳಿದದ್ದನ್ನು ಹೊಗೆ ಹಾಕಿ ಇಟ್ಟರು. ಹತ್ತಿ ಬಿಡಿಸೋಕೆ ಬಂದ ಕೂಲಿಯವರು ಕಾಗದದಲ್ಲಿ ಕಟ್ಟಿಸಿಕೊಂಡು ಅಲ್ಲೇ ತಿಂದರು. ಇವತ್ತೂ ತಟ್ಟೆ ಇಲ್ಲ, ಕಾಗದವೇ. ಇಲ್ಲಿನ ಕ್ರೈಟ್ಸ್ ಮಾರ್ಕೆಟ್ 1900ರದ್ದು. ಬಹಳ ಕಾಲ ಸಾಸೂ ಇರಲಿಲ್ಲ, ಫೋರ್ಕೂ ಇರಲಿಲ್ಲ. ಯಜಮಾನ 1990ರಲ್ಲಿ ತೀರಿಕೊಂಡಾಗ ವ್ಯಾಪಾರ ಗಂಡುಮಕ್ಕಳ ಕೈಲಿತ್ತು, ಕಟ್ಟಡ ಮಗಳ ಪಾಲಿಗೆ ಬಂತು. ಮುಂದೆ ಏನಾಯಿತು ಅಂತ ನಮ್ಮವರಿಗೆ ಹೇಳಬೇಕಾ? ಬಾಡಿಗೆ ಕರಾರಿನ ಜಗಳ ಆಗಿ 1999ರಲ್ಲಿ ಮನೆ ಒಡೆಯಿತು. ಹಳೆ ಒಲೆಯ ಕೆಂಡವನ್ನು ತೊಟ್ಟಿಯಲ್ಲಿ ತುಂಬಿ, ಊರಿನವರೆಲ್ಲಾ ನೋಡುತ್ತಿರುವಾಗ ರಸ್ತೆ ಮೇಲೆ ಎಳೆದುಕೊಂಡು ಹೋಗಿ ಕ್ರೈಟ್ಸ್‌ನ ಹೊಸ ಕಟ್ಟಡದ ಒಲೆ ಹಚ್ಚಿದರು. ಮಗಳು ಹಳೆ ಕಟ್ಟಡದಲ್ಲೇ ಸ್ಮಿಟೀಸ್ ಅಂತ ಅಂಗಡಿ ತೆಗೆದರು. ಇವತ್ತಿಗೂ ಅಲ್ಲಿ ಬಾಗಿಲು ದಾಟಿ ಒಳಗೆ ಹೋದರೆ ನಿಮ್ಮ ಕಾಲ ಪಕ್ಕದಲ್ಲೇ, ನೆಲದ ಮೇಲೇ ಸೌದೆ ಉರಿಯುತ್ತಿರುತ್ತದೆ. ನಾನು ಎರಡೂ ಕಡೆ ತಿಂದಿದ್ದೇನೆ. ಸ್ಮಿಟೀಸ್‌ನಲ್ಲಿ ಸಾಸೇಜ್, ಕ್ರೈಟ್ಸ್‌ನಲ್ಲಿ ಪೋರ್ಕ್ ಚಾಪ್. ದಾಯಾದಿ ಜಗಳದಲ್ಲಿ ಪಕ್ಷ ಹಿಡಿಯಬಾರದು.

ನಿಯಾನ್ ಹಸುವಿಗೆ ಇಂಥದ್ದೊಂದು ಕಥೆ ಇದೆಯಾ?

"ಎರಡೇ ದಿನ ಇರೋದು, ಕಾರಿಲ್ಲ, ಅಷ್ಟು ದೂರ ಯಾರು ಹೋಗ್ತಾರೆ" ಅಂತ ಕಾಮೆಂಟ್ ಹಾಕೋರು ಇದ್ದೀರಿ. ಗೊತ್ತು. ಹೊಸಕೋಟೆಗೆ ಬೆಳಗಿನ ಜಾವ ನಾಲ್ಕಕ್ಕೆ ಬಿರಿಯಾನಿಗೆ ಹೋಗಿ ಸ್ಟೋರಿ ಹಾಕಿದವರೂ ನೀವೇ. ಆದರೂ ಊರೊಳಗೇ ಬೇಕು ಅಂದರೆ ಕೊರತೆ ಏನಿದೆ? 2024ರ ನವೆಂಬರಿನಲ್ಲಿ, ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್ ಮೊದಲ ಸಲ ಟೆಕ್ಸಸ್‌ಗೆ ಬಂತು. ನಾಲ್ಕು ಬಾರ್ಬೆಕ್ಯೂ ಅಂಗಡಿಗೆ ನಕ್ಷತ್ರ ಕೊಟ್ಟಿತು. ಮೂರು ಆಸ್ಟಿನ್‌ನವೇ. ಲಾ ಬಾರ್ಬೆಕ್ಯೂ, ಲೆರಾಯ್ ಆ್ಯಂಡ್ ಲೂಯಿಸ್, ಇಂಟರ್‌ಸ್ಟೆಲ್ಲರ್. ಕೊನೆಯದಂತೂ ನಮ್ಮವರು ಜಾಸ್ತಿ ಇರುವ ಸೀಡರ್ ಪಾರ್ಕ್ ಕಡೆಗೇ ಇದೆ. ನಮ್ಮ ಮನೆಯಿಂದ ಹದಿನೈದು ನಿಮಿಷ. ಇದೂ ಮೆಸೇಜಿನಲ್ಲಿತ್ತು.

ಆಸ್ಟಿನ್‌ನಲ್ಲಿ ಎಲ್ಲರ ಬಾಯಲ್ಲೂ ಇರುವ ಫ್ರಾಂಕ್ಲಿನ್ ಬಾರ್ಬೆಕ್ಯೂ ಅಂಗಡಿ ಯಾಕೆ ಹೇಳಲಿಲ್ಲ ಅಂತೀರಿ. ಅದನ್ನು ಹೇಳೋಕೆ ನಾನು ಯಾಕೆ ಬೇಕು? 2009ರಲ್ಲಿ ಒಂದು ಟ್ರೇಲರ್ ಗಾಡಿಯಲ್ಲಿ ಶುರುವಾದದ್ದು. 2015ರಲ್ಲಿ ಯಜಮಾನ ಆರನ್ ಫ್ರಾಂಕ್ಲಿನ್‌ಗೆ ಅಮೆರಿಕದ ಅಡುಗೆಯವರಿಗೆ ಕೊಡುವ ದೊಡ್ಡ ಪ್ರಶಸ್ತಿ, ಜೇಮ್ಸ್ ಬಿಯರ್ಡ್, ಬಂತು. 2014ರಲ್ಲಿ ಒಬಾಮಾ ಬಂದು ಕ್ಯೂ ಮುರಿದು ಮುಂದೆ ಹೋದರು, ಪಾಪ, ಹಿಂದಿದ್ದವರ ಬಿಲ್ಲನ್ನೂ ಕೊಟ್ಟರು. ನೀವು ಒಬಾಮಾ ಅಲ್ಲ, ಬೆಳಿಗ್ಗೆ ಎಂಟಕ್ಕೆ ನಿಂತುಕೊಳ್ಳಿ. ಚೆನ್ನಾಗಿದೆಯಾ? ತುಂಬಾ ಚೆನ್ನಾಗಿದೆ. ಇಷ್ಟು ವರ್ಷ ಕ್ಯೂ ನಿಲ್ಲುವವರನ್ನು ಆಡಿಕೊಂಡು ಹೋದ ವರ್ಷ ನಾನೂ ಮಡಚುವ ಕುರ್ಚಿ ಹಿಡಿದು ಹೋಗಿದ್ದೆ. ಯಾರಿಗೂ ಹೇಳಿರಲಿಲ್ಲ. ನಾಲ್ಕು ಗಂಟೆ ಪಕ್ಕದವರ ಜೊತೆ ಹರಟೆ ಹೊಡೆದು ಖುಷಿಯಾಗಿ ಬಂದೆ. ಅಲ್ಲಿನ ಟರ್ಕಿ ಕೋಳಿ ಇನ್ನೂ ನೆನಪಿದೆ.

ದನದ ಮಾಂಸ ತಿನ್ನದವರಿಗೂ ಇದನ್ನೇ ಹೇಳೋದು. ಟರ್ಕಿ ತಗೊಳ್ಳಿ. ಹಂದಿ ಆಗುತ್ತೆ ಅಂದರೆ ರಿಬ್ಸ್. ಸಾಸೇಜ್ ಎಷ್ಟೋ ಕಡೆ ದನದ್ದೇ, ಕೇಳಿ. ಬೀನ್ಸ್ ನೋಡಿ ಮೋಸ ಹೋಗಬೇಡಿ, ಅದರಲ್ಲೂ ಬ್ರಿಸ್ಕೆಟ್ ಚೂರು ಹಾಕಿರುತ್ತಾರೆ. ನಾನು ದನದ ಮಾಂಸ ತಿನ್ನುತ್ತೇನೆ. ಅಮ್ಮನಿಗೆ ಮಾತ್ರ ಕೊನೆವರೆಗೂ ಹೇಳಲಿಲ್ಲ. ಅವತ್ತು ಲೆಕ್ಸಿಂಗ್ಟನ್‌ನಲ್ಲಿ ಅಮ್ಮನ ಎದುರು ನಾನೂ ಕೋಳಿಯನ್ನೇ ತಿಂದೆ. ಅವಳಿಗೆ ಗೊತ್ತಿತ್ತು ಅನ್ನಿಸುತ್ತೆ.

ಇನ್ನು ಆ ಬುರಿಟೋ ಬೌಲು. ಮೂರನೆಯ ಹುಡುಗ ಇನ್ನೂ ದೊಡ್ಡ ಮಾತಾಡಿದ. "ಟೆಕ್ಸ್‌ಮೆಕ್ಸ್ ಒರಿಜಿನಲ್ ಮೆಕ್ಸಿಕನ್ ಅಲ್ಲ ಆಂಟಿ." ಗೋಬಿ ಮಂಚೂರಿ ತಿಂದು ಬೆಳೆದ ಮಗು ಒರಿಜಿನಲ್ ಬಗ್ಗೆ ಮಾತಾಡುತ್ತಿದೆ! ಅಯ್ಯಾ, 1836ರವರೆಗೆ ಈ ನೆಲ ಮೆಕ್ಸಿಕೋದ್ದೇ. ಇಲ್ಲೇ ಇದ್ದ ಮೆಕ್ಸಿಕನ್ ಮನೆಗಳ ಅಡುಗೆ ಇದು. ಗೋಧಿ ಹಿಟ್ಟಿನ, ಚಪಾತಿಯಂಥ ಟೋರ್ಟಿಯಾ, ಹಳದಿ ಚೀಸು, ದನದ ಕೈಮಾ. ಎನ್‌ಚಿಲಾಡ, ಅಂದರೆ ಒಳಗೆ ಹೂರಣ ಇಟ್ಟು ಸುತ್ತಿದ ಟೋರ್ಟಿಯಾ, ಅದರ ಮೇಲೆ ಸುರಿಯುವ ಆ ಕಂದು ಬಣ್ಣದ ಗ್ರೇವಿ ಇದೆಯಲ್ಲಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ. ಜೀರಿಗೆ ಕಣ್ರೀ! ನಾನು ಬಂದ ಹೊಸದರಲ್ಲಿ, ಊರಿನ ನೆನಪಾಗಿ ಅಳು ಬರುತ್ತಿದ್ದ ದಿನಗಳಲ್ಲಿ, ಆ ಒಂದು ಘಮಕ್ಕೆ ವಾರಕ್ಕೆರಡು ಸಲ ಹೋಗುತ್ತಿದ್ದೆ.

ಸೌತ್ ಲಮಾರ್ ರಸ್ತೆಯ ಮ್ಯಾಟ್ಸ್ ಎಲ್ ರ್ಯಾಂಚೋಗೆ ಹೋಗಿ. 1952ರದ್ದು. ಕರಗಿದ ಚೀಸಿನ ಕೇಸೋ ಒಳಗೆ ಕೈಮಾ, ಬೆಣ್ಣೆಹಣ್ಣು ಅರೆದ ಗ್ವಾಕಮೋಲೆ ಹಾಕಿದ ಬಾಬ್ ಆರ್ಮ್‌ಸ್ಟ್ರಾಂಗ್ ಡಿಪ್ ತರಿಸಿ. ಆ ಹೆಸರಿನ ಒಬ್ಬ ರಾಜಕಾರಣಿ, ರಾಜ್ಯದ ಲ್ಯಾಂಡ್ ಕಮಿಷನರ್ ಆಗಿದ್ದವರು, ಹೊಸದೇನಾದರೂ ಕೊಡಿ ಅಂದದ್ದಕ್ಕೆ ಹುಟ್ಟಿದ ತಿಂಡಿ. ಬೆಳಿಗ್ಗೆ ಆದರೆ ಈಸ್ಟ್ ಸೆವೆಂತ್ ರಸ್ತೆಯ ಜೋಸ್ ಬೇಕರಿ. ಅಲ್ಲಿ ಮಿಗಾಸ್ ತಿನ್ನಿ. ಮಿಕ್ಕ ಟೋರ್ಟಿಯಾ ಚೂರು ಮಾಡಿ ಮೊಟ್ಟೆ ಜೊತೆ ಹುರಿಯೋದು. ರಾತ್ರಿ ಮಿಕ್ಕ ಚಪಾತಿಗೆ ಬೆಳಿಗ್ಗೆ ನಾವು ಒಗ್ಗರಣೆ ಹಾಕಲ್ವಾ? ಅದೇ ಬುದ್ಧಿ. ವೆರಾಕ್ರೂಜ್ ಆಲ್ ನ್ಯಾಚುರಲ್‌ನ ಮಿಗಾಸ್ ಟಾಕೋ ಕೂಡ ಸೊಗಸು. ಅಕ್ಕ ತಂಗಿ ಇಬ್ಬರು ಟ್ರೇಲರಿನಲ್ಲಿ ಶುರು ಮಾಡಿದ್ದು. ಸಸ್ಯಾಹಾರಿಗಳಿಗೆ ಒಂದು ಮಾತು. ಅರೆದ ಬೀನ್ಸಿನಲ್ಲಿ, ಟೋರ್ಟಿಯಾದಲ್ಲಿ ಹಂದಿ ಕೊಬ್ಬು ಇರಬಹುದು. "ಲಾರ್ಡ್" ಅಥವಾ "ಮಾಂತೆಕಾ" ಇದೆಯಾ ಅಂತ ಕೇಳಿ. ಕೆಂಪನ್ನವನ್ನು ಕೋಳಿ ಸ್ಟಾಕಿನಲ್ಲಿ ಮಾಡುವುದೂ ಉಂಟು. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಇದೆಲ್ಲಾ ಮೂರು ವಾರದ ಹಿಂದಿನ ಮೆಸೇಜಿನಲ್ಲೇ ಇತ್ತು. ಈಗಷ್ಟೇ ಅದನ್ನು ಕಾಪಿ ಮಾಡಿ ಸ್ವಲ್ಪ ಬೈಗುಳ ಸೇರಿಸಿದ್ದೇನೆ, ಅಷ್ಟೇ.

ಹುಡುಗರು ಇನ್ನೊಂದು ವಾರ ಇರುತ್ತಾರೆ. ಇವತ್ತು ಬೆಳಿಗ್ಗೆ ಅಕ್ಕನ ಮಗ ಮೆಲ್ಲಗೆ ಬಂದು, "ಮುಂದಿನ ಶನಿವಾರ ನೀವು ಫ್ರೀನಾ ಚಿಕ್ಕಮ್ಮ?" ಅಂದ. ಐದೂವರೆಗೆ ಕಾರ್ ಹೊರಡುತ್ತದೆ. ಯಾರನ್ನೂ ಎಬ್ಬಿಸಲ್ಲ.