ಸಂಡಿಗೆ ಪಕ್ಕದ ಸೆಲ್ಲುಗಳು

ಹದಿನೈದು ದಿನದ ನನ್ನ ಕೆಲಸ ನಿನ್ನೆ ಒಂದು ಒದ್ದೆ ಬಟ್ಟೆಗೆ ಆಹುತಿಯಾಯಿತು. ಇನ್ನೂ ಹೊಟ್ಟೆ ಉರಿಯುತ್ತಿದೆ.

ಹಳೇ ಸೈಕಲ್ಲಿಗೆ ಮೋಟರು ಕೂರಿಸಿದ್ದೆ. ಹೊಸ ಬ್ಯಾಟರಿಯ ರೇಟು ಕೇಳಿ ತಲೆ ತಿರುಗಿತು. ಗುಜರಿಯಿಂದ ಹತ್ತು ಸತ್ತ ಲ್ಯಾಪ್‌ಟಾಪ್ ಬ್ಯಾಟರಿ ತಂದು ಬಿಚ್ಚಿದೆ. ಒಂದೊಂದರ ಹೊಟ್ಟೆಯಲ್ಲೂ ಆರಾರು 18650 ಸೆಲ್ಲು. ಹೆಸರೇ ಅಳತೆ: 18 ಮಿಲಿಮೀಟರ್ ದಪ್ಪ, 65 ಉದ್ದ.

ಯಾವುದರಲ್ಲಿ ಎಷ್ಟು ಜೀವ ಇದೆ ಅಂತ ನೋಡಬೇಕಲ್ವಾ? ಒಂದೊಂದನ್ನೂ 4.2 ವೋಲ್ಟಿನವರೆಗೆ ತುಂಬಿಸಿ, ನಿಧಾನಕ್ಕೆ ಖಾಲಿ ಮಾಡಿ ಅಳೆಯಬೇಕು. ನನ್ನ ಚಾರ್ಜರಿನಲ್ಲಿ ನಾಲ್ಕೇ ಮನೆ. ದಿನಕ್ಕೆ ನಾಲ್ಕೇ ಸೆಲ್ಲು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಅರವತ್ತರಲ್ಲಿ ನಲವತ್ತು ಪಾಸಾದವು. ಎಷ್ಟು ಚಾರ್ಜು ಹಿಡಿಯುತ್ತದೆ ಅನ್ನುವ ಲೆಕ್ಕವನ್ನು (mAh) ಪ್ರತಿಯೊಂದರ ಮೈಮೇಲೆ ಬರೆದೆ: 2140, 1985, 2060... ಮಗಳ ಬೋರ್ಡ್ ಮಾರ್ಕರಿನಲ್ಲಿ ಬರೆದದ್ದು ಮೊದಲನೇ ತಪ್ಪು.

ಈ ನಂಬರೇ ಜೀವಾಳ. ನಾಲ್ಕು ನಾಲ್ಕರ ಹತ್ತು ಗುಂಪು ಮಾಡಿ, ಒಂದರ ಹಿಂದೊಂದು ಜೋಡಿಸಿದರೆ ಸೈಕಲ್ಲಿನ ಬ್ಯಾಟರಿ ಪ್ಯಾಕು. ಎಲ್ಲ ಗುಂಪಿನ ಮೊತ್ತವೂ ಹೆಚ್ಚು ಕಡಿಮೆ ಒಂದೇ ಬರಬೇಕು. ಒಂದು ಗುಂಪು ಬಡವಾದರೂ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟು) ಉಳಿದ ಒಂಬತ್ತಕ್ಕೂ ಬೀಗ ಜಡಿಯುತ್ತದೆ.

ನಿನ್ನೆ ಸೂಪರ್ ಮಾರ್ಕೆಟ್ಟಿಗೆ ಹೋಗಿ ಬಂದರೆ ಡಬ್ಬಿ ಖಾಲಿ.

"ಅವ್ವಾ, ಸೆಲ್ ಎಲ್ಲಿ?"

"ಮಾಳಿಗಿ ಮ್ಯಾಲ್ ಬಿಸಿಲಿಗಿ ಇಟ್ಟೀನಿ. ಜೀವ ಬರ್ತದ."

ಚಪ್ಪಲಿ ಹಾಕದೆ ಓಡಿದ್ದು ಎರಡನೇ ತಪ್ಪು. ಮೇ ತಿಂಗಳ ಕಲಬುರಗಿ, ಮಧ್ಯಾಹ್ನ ಎರಡು ಗಂಟೆ, 42 ಡಿಗ್ರಿ. ನನ್ನ ಪ್ಯಾಕು ಪೂರ್ತಿ ತುಂಬಿದರೆ 42 ವೋಲ್ಟ್. ಲೆಕ್ಕ ಅವ್ವನಿಗೆ ಹೇಗೆ ಗೊತ್ತಾಯಿತೋ! ಹಳೇ ಸೀರೆ ಮೇಲೆ ಒಂದು ಕಡೆ ಸಂಡಿಗೆ, ಪಕ್ಕದಲ್ಲಿ ಸಾಲಾಗಿ ನಲವತ್ತು ಸೆಲ್ಲು. ಶಾರ್ಟ್ ಆಗುವಂತೆ ಸ್ಟೀಲ್ ಪರಾತದಲ್ಲಿ ಸುರಿದಿಲ್ಲವಲ್ಲ ಅನ್ನುವುದೊಂದೇ ಸಮಾಧಾನ. ಕಾಗೆ ಒಯ್ದಾವೆಂದು ಕೋಲಿಗೆ ನನ್ನ ಬನಿಯನ್ ಕಟ್ಟಿದ್ದಳು. ಸಂಡಿಗೆ ಜೊತೆ ಇವನ್ನೂ ಒಂದು ಸಲ ಹೊರಳಿಸಿ ಹಾಕಿದ್ದಳಂತೆ, ಎರಡೂ ಕಡೆ ಒಣಗಲಿ ಅಂತ.

ಎತ್ತಿಕೊಂಡರೆ ಕೈ ಸುಟ್ಟಿತು. ತಿರುಗಿಸಿ ನೋಡಿದೆ. ನಂಬರೇ ಇಲ್ಲ.

"ಯಾರೋ ಗೀಚಿದ್ರು. ಒರಸಿ ಇಟ್ಟೀನಿ."

"ಅವ್ವಾ, ಇದು ಲಿಥಿಯಂ, ಕಾದರೆ ಬೆಂಕಿ ಹತ್ತುತ್ತೆ!"

"ನಿಮ್ಮಪ್ಪ ರೇಡಿಯೋ ಸೆಲ್ ಹಿಂಗೇ ಇಡ್ತಿದ್ದರು. ಒಂದಿನಾರೆ ಬೆಂಕಿ ಹತ್ತಿತ್ತೇನು?"

ಇಲ್ಲ, ಹತ್ತಿರಲಿಲ್ಲ. ಅವು ಬೇರೆ ಜಾತಿಯ ಸೆಲ್ಲು, ಕಾವು ತಗುಲಿದರೆ ಸ್ವಲ್ಪ ಚೇತರಿಸಿಕೊಳ್ಳುತ್ತಿದ್ದವು. ಸಂಜೆ ಅಪ್ಪ ಕಿಟಕಿ ಕಟ್ಟೆಯಿಂದ ಬೆಚ್ಚಗಿನ ಸೆಲ್ಲು ತಂದು ಹಾಕುತ್ತಿದ್ದರು. ರೇಡಿಯೋ ಎರಡು ಸಲ ಕೆಮ್ಮಿ ಸುದ್ದಿ ಓದುತ್ತಿತ್ತು. ಆ ರೇಡಿಯೋ ಇನ್ನೂ ಗೋಡೆಯ ಗೂಡಿನಲ್ಲಿದೆ. ಅವ್ವ ದಿನಾ ಧೂಳು ಒರೆಸುತ್ತಾಳೆ.

ಸೆಲ್ಲುಗಳನ್ನು ನೆರಳಿಗೆ ತಂದು ತಣ್ಣಗೆ ಮಾಡಿದೆ. ಇವತ್ತಿಂದ ಮತ್ತೆ ನಾಲ್ಕು ನಾಲ್ಕು. ಈಗಷ್ಟೇ ಅವ್ವ ಕರಿದ ಸಂಡಿಗೆ ತಂದಿಟ್ಟು, ಚಾರ್ಜರಿನ ಕೆಂಪು ದೀಪ ನೋಡಿ ಅಂದಳು: "ಇನ್ನೂ ಹಸೀನೇ ಅವ ಏನೋ?"